ನಾನು ರೋಗಿಯಾಗಿದ್ದ ಬೇಸಿಗೆ

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂಬ ಒತ್ತಾಯವೂ ನನ್ನದಲ್ಲ, ಯಾಕೆಂದರೆ ನಮ್ಮ ಮನೆಯಲ್ಲೇ ಅರ್ಧ ಜನ ಇನ್ನೂ ನಂಬಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ, ವಿಜಯಪುರದಲ್ಲಿ ನನ್ನ ಬಲಗೈ ಮುರಿದಷ್ಟು ಸಲ ಜಗತ್ತಿನ ಯಾವ ಪೈಲ್ವಾನನ ಕೈಯೂ ಮುರಿದಿರಲಿಕ್ಕಿಲ್ಲ. ಬೆಳಿಗ್ಗೆ ಮುರಿಯುತ್ತಿತ್ತು, ಊಟದ ಹೊತ್ತಿಗೆ ಕೂಡುತ್ತಿತ್ತು, ಊಟವಾದ ಮೇಲೆ ಮತ್ತೆ ಮುರಿಯುತ್ತಿತ್ತು. ಸಂಜೆ ನಮ್ಮೂರು ಬಬಲೇಶ್ವರದ ಬಸ್ಸಿನಲ್ಲಿ ಅದೇ ಕೈಯಿಂದ ಕಿಟಕಿಯ ಸೀಟಿಗೆ ಕರವಸ್ತ್ರ ಎಸೆದು ಜಾಗ ಹಿಡಿಯುತ್ತಿದ್ದೆ.

ಇದೆಲ್ಲ ನೆನಪಾದದ್ದು ಹೋದ ವಾರ, ನಮ್ಮ ಕಾಲೇಜಿನ ವಾರ್ಷಿಕೋತ್ಸವದ, ಗ್ಯಾದರಿಂಗ್ ದಿನ. ನಾಟಕಕ್ಕೆ ಮುಖಕ್ಕೆ ಹಚ್ಚುವ ಬಣ್ಣದ ಡಬ್ಬಿಯನ್ನು ಯಾರೋ ತೆರೆದರು. ಮೇಣ, ಎಣ್ಣೆ, ಸ್ವಲ್ಪ ಹಳೆಯ ಪೌಡರು ಕಲೆತ ವಾಸನೆ. ಉಳಿದ ಹುಡುಗಿಯರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಸ್ಟೇಷನ್ ರಸ್ತೆಯ ಬಿಸಿಲು ಕಣ್ಣೆದುರು ಬಂತು.

ನಮ್ಮ ಚಿಗವ್ವ ಶಕುಂತಲಾ, ಅಂದರೆ ಅವ್ವನ ತಂಗಿ, ವಿಜಯಪುರದ ಸ್ಟೇಷನ್ ರಸ್ತೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳ ಕೈಕೆಳಗೆ ಒಂದು ವಿಚಿತ್ರ ಕೋಣೆ ಇತ್ತು. ಅದರಲ್ಲಿ ಆಸ್ಪತ್ರೆಯ ಮಂಚ, ಸಲಾಯಿನ್ ಕಂಬ, ಪರದೆ ಎಲ್ಲ ಇದ್ದವು. ರೋಗಿ ಮಾತ್ರ ಇರಲಿಲ್ಲ. ಗೋಡೆಗೆ ದೊಡ್ಡ ಕನ್ನಡಿ. ಆಚೆ ಕೂತವರಿಗೆ ಈಚೆ ಕಾಣುತ್ತದೆ, ಈಚೆಯವರಿಗೆ ತಮ್ಮ ಮುಖವಷ್ಟೇ. ವಿದ್ಯಾರ್ಥಿಗಳು ನಿಜವಾದ ವಾರ್ಡಿಗೆ ಹೋಗುವ ಮೊದಲು ಇಲ್ಲಿ ಸುಳ್ಳು ರೋಗಿಗಳ ಮೇಲೆ ಅಭ್ಯಾಸ ಮಾಡಬೇಕು. ರಬ್ಬರಿನ ಬೊಂಬೆಯೊಂದು ಇತ್ತು, ಆದರೆ ಚಿಗವ್ವ ಆ ವರ್ಷ ಕಲಿಸಬೇಕಾಗಿದ್ದ ಪಾಠಕ್ಕೆ ಬೊಂಬೆ ಸಾಲುತ್ತಿರಲಿಲ್ಲ.

"ಬೊಂಬಿಗೆ ಹೆದರಕಿ ಆಗಂಗಿಲ್ಲ," ಅಂದಳು ಚಿಗವ್ವ. "ನನಗ ಹೆದರಿದ ಹುಡುಗಿ ಬೇಕು. ನೀ ಸಣ್ಣಾಕಿ ಇದ್ದಾಗಿಂದ ಖರೇನ ಅತ್ತದ್ದಕ್ಕಿಂತ ಸುಳ್ಳ ಅತ್ತದ್ದ ಹೆಚ್ಚು. ಬರ್ತೀಯೇನು?"

ಇಂಥ ಹೊಗಳಿಕೆ ಬದುಕಿನಲ್ಲಿ ಒಮ್ಮೆ ಬರುತ್ತದೆ. ಅದರ ಮೇಲೆ ಆ ಕೋಣೆಗೆ ಎಸಿ ಇತ್ತು. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ದಿನಗಳು. ಗೋಳಗುಮ್ಮಟದ ಪಾರಿವಾಳಗಳೂ ಮಧ್ಯಾಹ್ನ ಹಾರುವುದನ್ನು ಬಿಟ್ಟು ನಡೆದು ಹೋಗುತ್ತಿದ್ದವು. ಒಪ್ಪಿದೆ.

ಚಿಗವ್ವ, "ನಿಮ್ಮಪ್ಪಗ ಹೇಳೀಯಿಲ್ಲೋ?" ಎಂದು ಕೇಳಿದಳು. "ಹೇಳೇನಿ, ಖುಷಿ ಆಗ್ಯಾನ," ಎಂದೆ. ಅಪ್ಪನಿಗೆ ನಾನು ಹೇಳಿದ್ದು, ಸ್ಟೇಷನ್ ರಸ್ತೆಯಲ್ಲಿ ಇಂಗ್ಲಿಷ್ ಮಾತಾಡುವ ಕ್ಲಾಸಿಗೆ ಸೇರುತ್ತೇನೆ ಎಂದು. ಖುಷಿಯಾದದ್ದು ನಿಜ. ಯಾವುದಕ್ಕೆ ಎನ್ನುವುದಷ್ಟೇ ಬೇರೆ.

ನನ್ನ ಪಾತ್ರ ಹೀಗಿತ್ತು: ಹದಿನಾರರ ಹುಡುಗಿ, ಬಲಗೈ ಊದಿದೆ, ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು. ಮೆಟ್ಟಿಲಿನಿಂದ ಬಿದ್ದೆ ಎನ್ನುತ್ತಾಳೆ. ಬಿದ್ದಿಲ್ಲ. ಅಪ್ಪ ಹೊಡೆದಿದ್ದಾನೆ. ಆದರೆ ಅದನ್ನು ಅವಳು ಸುಮ್ಮನೆ ಹೇಳುವುದಿಲ್ಲ. ಎದುರಿಗಿದ್ದವರು ಅವಳನ್ನು ಹೆದರಿಸದೆ, ಅವಳು ಒಪ್ಪುವ ಮೊದಲು ಮುಟ್ಟದೆ, ಬಾಗಿಲಿಗೆ ಅಡ್ಡ ನಿಲ್ಲದೆ, ಅವಳ ಮಾತಿಗೆ ಕಾದು ಕೂತರೆ ಮಾತ್ರ ಹೇಳುತ್ತಾಳೆ. ಚಿಗವ್ವ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು: "ಮೈಮ್ಯಾಲಿನ ಗಾಯ ಕಣ್ಣಿಗೆ ಕಾಣತೈತಿ. ಒಳಗಿಂದು ಕಾಣಂಗಿಲ್ಲ. ನೀವು ಗಡಿಬಿಡೀಲೆ ಕೈ ಹಾಕಿದ್ರಿ ಅಂದ್ರ ನೀವೂ ಹೊಡದವ್ರ ಸಾಲಿನ್ಯಾಗ ಕೂಡತೀರಿ."

ದಿನಾ ಬೆಳಿಗ್ಗೆ ಅವಳು ನನ್ನ ಕೆನ್ನೆಯ ಮೇಲೆ ನೀಲಿ, ನೇರಳೆ, ಸ್ವಲ್ಪ ಹಳದಿ ಹಚ್ಚಿ ಬೆರಳುಗಳನ್ನು ಮೂಡಿಸುತ್ತಿದ್ದಳು. ಕನ್ನಡಿಯಲ್ಲಿ ನೋಡಿ ನನಗೇ ನನ್ನ ಮೇಲೆ ಕನಿಕರ ಬರುತ್ತಿತ್ತು. ಆಮೇಲೆ ಮಂಚದ ಮೇಲೆ ಮುದುಡಿ ಕೂತರೆ ಒಬ್ಬೊಬ್ಬರೇ ಒಳಗೆ ಬರುತ್ತಿದ್ದರು.

ಮೊದಲ ದಿನ ಬಂದವರೆಲ್ಲ ಸೋತರು. ಸೋತದ್ದು ಒಂದೇ ಜಾಗದಲ್ಲಿ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ, ಅಂಗಡಿಯಲ್ಲಿ ಉಪ್ಪು ಕೇಳಿದರೂ ಮೊದಲ ಪ್ರಶ್ನೆ, "ಯಾವೂರು? ಯಾರ ಮಗಳು?" ಅದು ಮರ್ಯಾದೆ. ಕೇಳದಿದ್ದರೆ ಸೊಕ್ಕು ಎನ್ನುತ್ತಾರೆ. ಬಿಳಿ ಕೋಟು ತೊಟ್ಟು ಬಂದವರು ಅಷ್ಟೇ ಪ್ರೀತಿಯಿಂದ ಸ್ಟೂಲು ಎಳೆದುಕೊಂಡು, "ಯಾವೂರವ್ವಾ? ಯಾರ ಮಗಳು ನೀ?" ಎನ್ನುತ್ತಿದ್ದರು. ನನಗೆ ಚಿಗವ್ವನ ಸೂಚನೆ ಇತ್ತು: ಆ ಪ್ರಶ್ನೆ ಬಂದ ಕೂಡಲೆ ಬಾಯಿಗೆ ಬೀಗ. ಯಾಕೆಂದರೆ ಅಪ್ಪ ಹೊಡೆದ ಹುಡುಗಿ ಅಪ್ಪನ ಹೆಸರು ಹೇಳಿದರೆ, ಸುದ್ದಿ ಅವಳಿಗಿಂತ ಮೊದಲಿನ ಬಸ್ಸಿಗೆ ಊರು ಮುಟ್ಟುತ್ತದೆ. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಪಾಪ, ಅವರು ಹಿಂದಿನಿಂದ, "ನಮ್ಮ ಅತ್ತಿ ಮನಿನೂ ಆ ಕಡೀನ ಐತಿ ಬೇ, ಹೇಳು," ಎಂದು ಇನ್ನೂ ಆಳಕ್ಕೆ ಇಳಿಯುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಸೋತವಳು ರೇಣುಕಾ. ಅರಕೇರಿಯವಳು. ಮನೆಯಲ್ಲಿ ಕುರಿ ಸಾಕುತ್ತಿದ್ದರು, ಅದರ ಗುರುತು ಕೈಯಲ್ಲಿತ್ತು. ಆಕೆ ಒಳಗೆ ಬಂದವಳೇ ನನ್ನ ಮುರಿದ ಕೈಯನ್ನು ಮೊಣಕೈಯ ಮೇಲೆ ಗಪ್ಪನೆ ಹಿಡಿದಳು. ಓಡುವ ಮರಿಯನ್ನು ಹಿಡಿಯುವ ಹಾಗೆ. ನಾನು ಪಾತ್ರ ಮರೆತು ನಿಜವಾಗಿ ಚೀರಿದೆ. ಚೀರಿದ ಸದ್ದಿಗೆ ಸಲಾಯಿನ್ ಕಂಬ ಬಿತ್ತು, ಪರದೆ ಬಿತ್ತು, ಇನ್ನೂ ಸ್ವಲ್ಪ ಚೀರಿದ್ದರೆ ಕಾಲೇಜು ಬೀಳುತ್ತಿತ್ತು.

"ಸುಮ್ಮ್ ಕೂಡು ಲೇ, ನೋಡಾಕತ್ತೇನಿಲ್ಲೋ! ಯಾರ ಮಗಳು ನೀ, ಇಷ್ಟ್ ಗಂಟಲ ಐತಿ?" ಅಂದಳು ರೇಣುಕಾ.

ಕನ್ನಡಿಯ ಆಚೆಯಿಂದ ಚಿಗವ್ವನ ದನಿ ಸ್ಪೀಕರಿನಲ್ಲಿ ಬಂತು: "ಸಾಕು."

ಎರಡನೆಯ ಸಲವೂ ಹಿಡಿದಳು. ಈ ಸಲ ಮೆತ್ತಗೆ ಹಿಡಿದಳು, ಆದರೆ ಹಿಡಿದಳು. ಹೊರಗೆ ನೀರಿನ ಟಾಕಿಯ ಹತ್ತಿರ ನಾನು ಬಣ್ಣ ತೊಳೆಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ನಿಂತಳು.

"ನನ್ನ ಕೈ ನನ್ನ ಮಾತ ಕೇಳಂಗಿಲ್ಲ ಗಂಗಾ," ಅಂದಳು. "ಇನ್ನ ಒಂದ ಸಲ ಉಳದೈತಿ. ಹೊರಗಿನ ಕಾಲೇಜಿಂದ ಪರೀಕ್ಷಕರು ಬರ್ತಾರ. ಅದರಾಗೂ ನಾಪಾಸ್ ಆದ್ರ ನನ್ನ ಗೆಳತ್ಯಾರೆಲ್ಲ ವಾರ್ಡಿಗೆ ಹೋಗ್ತಾರ, ನಾ ವರ್ಷ ಹಿಂದ ಬೀಳ್ತೇನಿ. ಮನ್ಯಾಗ ಈ ವರ್ಷ ಮುಗೀತೈತಿ ಅಂತ ಹೇಳಿ ಬಂದೇನಿ. ಮುಗೀಲಿಲ್ಲ ಅಂದ್ರ ಮತ್ತ ಕಳಸಂಗಿಲ್ಲ, ಕುರಿ ಹಿಂದ ಅಟ್ಟತಾರ."

"ಕುರಿಗಿಂತ ನಾ ಚಲೋ ರೋಗಿ ಅಲ್ಲೇನು?" ಅಂದೆ.

"ಕುರಿ ಇಷ್ಟ್ ಚೀರಂಗಿಲ್ಲ."

ಇಷ್ಟಾದ ಮೇಲೆ ಅವಳನ್ನು ಬಿಡುವುದು ನನ್ನ ಕಲೆಗೆ ಅವಮಾನ. ಮುಂದಿನ ಭಾನುವಾರ ಚಿಗವ್ವನ ಅತ್ತೆಯ ಮನೆಗೆ, ತಿಕೋಟಾಕ್ಕೆ, ಅವಳನ್ನೂ ಕರೆದುಕೊಂಡು ಹೋದೆ. ಅವರದು ಒಣದ್ರಾಕ್ಷಿಯ ಶೆಡ್ಡು. ಉದ್ದುದ್ದ ಜಾಳಿಗೆಯ ಮೇಲೆ ಅಂತಸ್ತು ಅಂತಸ್ತಾಗಿ ದ್ರಾಕ್ಷಿ ಹಾಸಿದ್ದರು. ಸುತ್ತ ಹಸಿರು ಬಲೆಯ ಪರದೆ, ಒಳಗೆ ಬಿಸಿಗಾಳಿ, ಸಿಹಿ ಹುಳಿ ವಾಸನೆ. ಒಂದು ಮೂಲೆಯಲ್ಲಿ ಹೆಂಗಸರು ಕೂತು ಒಣಗಿದ್ದನ್ನು ಆರಿಸುತ್ತಿದ್ದರು. ನಾವು ಇನ್ನೊಂದು ಮೂಲೆಯಲ್ಲಿ ಖಾಲಿ ಕ್ರೇಟು ಮಗುಚಿ ಆಸ್ಪತ್ರೆ ಮಾಡಿಕೊಂಡೆವು.

ಕೈಯ ರೋಗಕ್ಕೆ ಔಷಧಿ ರೇಣುಕಾಳೇ ಕಂಡುಹಿಡಿದಳು. ಕ್ರೇಟಿನ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. "ಈಗ ಹೆಂಗ ಹಿಡಿತಾವ ನೋಡ್ತೇನಿ," ಅಂದಳು. ನಾನು ಅಳತೊಡಗಿದೆ. ಅವಳ ಭುಜಗಳು ಎರಡು ಸಲ ಮುಂದೆ ಬಂದವು, ಕೈ ಬರಲಿಲ್ಲ. "ಊರು ಕೇಳಬ್ಯಾಡ, ಅಪ್ಪನ ಹೆಸರ ಕೇಳಬ್ಯಾಡ," ಎಂದು ನೆನಪಿಸಿದೆ. "ಮತ್ತೇನ್ ಕೇಳ್ಲಿ? ಅದ ಬಿಟ್ರ ಮಾತ ಎಲ್ಲಿಂದ ಸುರು ಆಗತೈತಿ?" ಎಂದು ಅವಳು ತಲೆ ಕೆರೆದುಕೊಳ್ಳಲು ಹೋಗಿ, ಕೈ ಕೆಳಗಿವೆಯೆಂದು ನೆನಪಾಗಿ, ತಲೆಯನ್ನು ಕಂಬಕ್ಕೆ ಉಜ್ಜಿದಳು. ಕೊನೆಗೆ, "ನಿನಗ ಏನಂತ ಕರೀಲಿ?" ಎಂಬ ಪ್ರಶ್ನೆ ಹುಟ್ಟಿತು. ಚೆನ್ನಾಗಿತ್ತು. ನಾನು ಕರಗಿದೆ. ಕರಗಿ ದೊಡ್ಡ ದನಿಯಲ್ಲಿ, ಶೆಡ್ಡಿನ ಕೊನೆಯವರೆಗೆ ಕೇಳುವಂತೆ, "ನಮ್ಮಪ್ಪ ಹೊಡದಾನ್ರಿ! ಕೈ ಮುರದಾನ್ರಿ!" ಎಂದು ಹೇಳಿ ಬಿದ್ದು ಹೊರಳಾಡಿದೆ. ಪಾತ್ರದಲ್ಲಿ ಹೊರಳಾಡುವುದು ಇರಲಿಲ್ಲ, ನಾನು ಸೇರಿಸಿದ್ದು.

ದ್ರಾಕ್ಷಿ ಆರಿಸುತ್ತಿದ್ದ ಒಬ್ಬ ಮುದುಕಿ ಎದ್ದು ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಯ್ಯ ನನ್ನ ಕೂಸ! ಯಾವೂರು? ಯಾರ ಮಗಳು ಬೇ ನೀ?"

"ಬಬಲೇಶ್ವರ. ಮಲ್ಲಪ್ಪನ ಮಗಳು," ಅಂದೆ.

ನೋಡಿ, ಇಡೀ ಬೇಸಿಗೆ ಆ ಪ್ರಶ್ನೆಗೆ ಗೋಡೆಯ ಕಡೆ ತಿರುಗಿ ಮಲಗಿದವಳು ನಾನು. ಕೆಲಸದ ಹೊರಗೆ ಕೇಳಿದ ಕೂಡಲೆ ನಾಲಿಗೆ ತಾನೇ ಉತ್ತರ ಕೊಟ್ಟಿತು. ಆಮೇಲೆ, "ಇದು ನಾಟಕ ಆಯಿ," ಎಂದೂ ಹೇಳಿದೆ. ಮುದುಕಿ ನನ್ನ ತಲೆ ಸವರಿ, "ಹೌದವ್ವಾ, ಹಂಗ ಅನ್ನಬೇಕಾಗತೈತಿ," ಎಂದು ಕಣ್ಣು ಒರೆಸಿಕೊಂಡು ಹೋದಳು. ನನ್ನ ಅಭಿನಯ ಅಷ್ಟು ಮೇಲ್ಮಟ್ಟದ್ದು.

ಪರೀಕ್ಷೆಯ ದಿನ ಬಂತು. ಕನ್ನಡಿಯ ಆಚೆ ಚಿಗವ್ವನ ಪಕ್ಕದಲ್ಲಿ ಪರೀಕ್ಷಕರು ಕೂತಿದ್ದರು. ದೊಡ್ಡ ಕನ್ನಡಕದ ಹಿರಿಯ ಮೇಡಂ, ಸಂಜೆಯ ರೈಲಿಗೆ ವಾಪಸು ಹೋಗುವವರು. ಚಿಗವ್ವ ನನ್ನನ್ನು ಮೊದಲೇ ಮೂಲೆಗೆ ಕರೆದು ಹೇಳಿದ್ದಳು: "ನೀ ನಕ್ಕರ, ಇಲ್ಲಾ ಪಾತ್ರ ಬಿಟ್ಟರ, ಆ ಹುಡುಗಿ ಪರೀಕ್ಷಾ ಅಲ್ಲೇ ಮುಗೀತು. ಮತ್ತೊಮ್ಮಿ ಮಾಡಾಕ ಟೈಮಿಲ್ಲ. ತಿಳೀತೇನು?" ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ರೇಣುಕಾಳ ಸರದಿ.

ಅವಳು ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ, ನಾನು ತಲೆ ಆಡಿಸುವವರೆಗೆ ಹೊರಗೇ ನಿಂತಳು. ಬಂದು ಸ್ಟೂಲನ್ನು ಬಾಗಿಲಿಗೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಹಾಕಿಕೊಂಡಳು. ಕೂತಳು. ಕೈಗಳು ತೊಡೆಯ ಕೆಳಗೆ ಹೋದವು.

"ನಾ ರೇಣುಕಾ. ಇಲ್ಲಿ ನರ್ಸ್ ಆಗಾಕ ಕಲ್ಯಾಕತ್ತೇನಿ. ನಿನಗ ಏನಂತ ಕರೀಲಿ?"

"ಪುಟ್ಟಿ," ಅಂದೆ. ಅದು ಆ ಕ್ಷಣದ ಸೃಷ್ಟಿ.

"ಪುಟ್ಟಿ, ಕೈ ಭಾಳ ನೋಯಾಕತ್ತಿರಬೇಕು. ನೋಡ್ಲೇನು? ಬ್ಯಾಡ ಅಂದ್ರ ಬ್ಯಾಡ."

"ಬ್ಯಾಡ."

"ಆತು. ಹಂಗಾದ್ರ ಕುಂದ್ರೂಣು." ಕೂತಳು. ಎಷ್ಟು ಹೊತ್ತು ಕೂತಳೆಂದರೆ, ಆ ಎಸಿಯಲ್ಲೂ ನನಗೆ ಬೆವರು ಬಂತು. ಮಾತಾಡದೆ ಕೂರುವ ಜನರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೆ ಅವಳು ಮೆಲ್ಲಗೆ ಹೇಳಿದಳು: "ನೀ ಹೇಳಿದ್ದು ಊರಿಗೆ ಹೋಗಂಗಿಲ್ಲ. ನಿನ್ನ ಜೀವಕ್ಕ ಅಪಾಯ ಐತಿ ಅಂದ್ರ ಮಾತ್ರ ನಮ್ಮ ಡಾಕ್ಟರಿಗೆ ಹೇಳಬೇಕಾಗತೈತಿ. ಹೇಳೂಕಿಂತ ಮೊದಲ ನಿನಗ ಹೇಳ್ತೇನಿ. ಸುಳ್ಳ ಮಾತ ಕೊಡಂಗಿಲ್ಲ ನಾ."

ಇಲ್ಲಿಗೆ ನನ್ನ ಪಾತ್ರ ಕರಗಬೇಕು. ಕರಗಿತು. "ಮೆಟ್ಟಿಲ ಮ್ಯಾಲಿಂದ ಬಿದ್ದಿಲ್ರಿ," ಅಂದೆ. "ನಮ್ಮಪ್ಪ... ನಮ್ಮಪ್ಪ ಹೊಡದಾನ್ರಿ."

ಬಾಗಿಲು ತೆರೆದದ್ದು ಆಗ. ನಿಂತಿದ್ದವನು ನಮ್ಮಪ್ಪ.

ಸಿನಿಮಾದ ಅಪ್ಪ ಅಲ್ಲ, ಪಾತ್ರದ ಅಪ್ಪ ಅಲ್ಲ, ನನ್ನ ಸ್ವಂತ ಅಪ್ಪ, ಬಬಲೇಶ್ವರದ ಮಲ್ಲಪ್ಪ. ನಮ್ಮದು ಎತ್ತಿನ ಸಾಮಾನಿನ ಅಂಗಡಿ. ಬೆಳಿಗ್ಗೆ ಸಂತೆಯಲ್ಲಿ ತಿಕೋಟಾದ ಯಾರೋ ಬಂದು, "ನಿನ್ನ ಮಗಳ ಕೈ ಮುರಿದು ವಿಜಾಪುರ ದವಾಖಾನ್ಯಾಗ ಅದಾಳ, ನೀನ ಹೊಡದಿ ಅಂತ ಅಳಾಕತ್ತಾಳ," ಎಂದು ಎಲ್ಲರ ಎದುರು ಹೇಳಿದ್ದರಂತೆ. ಅಪ್ಪ, ಅದೇ ಬೆಳಿಗ್ಗೆ ನಾನು ಸರಿಯಾಗೇ ಮನೆ ಬಿಟ್ಟದ್ದನ್ನೂ, ಕೈಯಲ್ಲಿದ್ದದ್ದನ್ನು ಕೆಳಗಿಡುವುದನ್ನೂ ಮರೆತು ಸಿಕ್ಕ ಜೀಪು ಹತ್ತಿ, ಯಾವ ದವಾಖಾನೆ ಎಂದು ಕೇಳಲು ನೇರ ಚಿಗವ್ವನ ಕಾಲೇಜಿಗೆ ಬಂದಿದ್ದ. ಕೈಯಲ್ಲಿದ್ದದ್ದು ಒಂದು ಕಟ್ಟು ಬಾರಕೋಲು. ಮಗಳನ್ನು ಹೊಡೆದ ಅಪ್ಪನಾಗಿ ಒಳಗೆ ಬರಲು, ಎತ್ತು ಹೊಡೆಯುವ ಹೊಚ್ಚ ಹೊಸ ಚಾವಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವನು ಭೂಮಿಯ ಮೇಲೆ ನಮ್ಮಪ್ಪ ಒಬ್ಬನೇ. ಕಾಲೇಜಿನ ಗೇಟಿನ ಸಿಪಾಯಿ ಇವನೂ ನಾಟಕದವನೆಂದು ತಿಳಿದು ದಾರಿ ತೋರಿಸಿದ್ದ.

"ಗಂಗವ್ವಾ..." ಅಂದ ಅಪ್ಪ. ಕಣ್ಣು ನನ್ನ ಕೆನ್ನೆಯ ಮೇಲೆ ನಿಂತಿತ್ತು.

ರೇಣುಕಾ ಎದ್ದಳು. ಅವಳೂ ಅವನನ್ನು ನಾಟಕದವನೆಂದೇ ತಿಳಿದಳು. ಪರೀಕ್ಷೆಯ ಮಧ್ಯೆ ಹೊಸ ಸಂಕಟ ಕಳಿಸಿದ್ದಾರೆ ಎಂದುಕೊಂಡಳು. ಅವಳು ಚೀರಲಿಲ್ಲ, ಅವನನ್ನು ಹೊರಗೆ ದೂಡಲಿಲ್ಲ.

"ಯಜಮಾನ್ರ, ಅಲ್ಲೇ ಒಂದ್ ಕ್ಷಣ ನಿಂದರ್ರಿ," ಅಂದಳು. ಆಮೇಲೆ ನನ್ನ ಕಡೆ ಬಾಗಿ, "ಪುಟ್ಟಿ, ಇವರು ಒಳಗ ಬರೂದು ನಿನಗ ನಡೀತೈತೇನು? ನೀ ಹೂಂ ಅಂದ್ರ ಬರ್ತಾರ. ಇಲ್ಲಂದ್ರ ಇಲ್ಲ," ಎಂದು ಕೇಳಿದಳು.

ಈಗ ನನ್ನ ಸ್ಥಿತಿ ನೋಡಿ. "ಇವ್ರು ನಮ್ಮಪ್ಪ, ಖರೇ ಅಪ್ಪ" ಎಂದರೆ ಆಟ ಮುರಿಯುತ್ತದೆ, ರೇಣುಕಾ ಕುರಿಯ ಹಿಂದೆ. ಪಾತ್ರದ ಪ್ರಕಾರ "ಬ್ಯಾಡ, ಹೆದರಕಿ ಆಗತೈತಿ" ಎಂದರೆ ರೇಣುಕಾ ಪಾಸು, ಆದರೆ ಬಾಗಿಲಲ್ಲಿ ನಿಂತ ಮನುಷ್ಯ ಅದನ್ನು ಜೀವವಿರುವವರೆಗೂ ಕಿವಿಯಲ್ಲಿ ಇಟ್ಟುಕೊಳ್ಳುತ್ತಾನೆ. ಅಪ್ಪ ಹೊಸ್ತಿಲಿನ ಆಚೆ, ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದ. ಒಳಗೆ ಬರಲು ನನ್ನ ಅಪ್ಪಣೆ ಬೇಕೆಂದು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಅವನು ಒಂದು ಹೆಜ್ಜೆಯೂ ಮುಂದಿಡಲಿಲ್ಲ.

ಎರಡು ಕಡೆಗೂ ಸಲ್ಲುವ ಮಾತು ಒಂದೇ ಇತ್ತು.

"ಬರ್ಲಿ ಅಕ್ಕಾ," ಅಂದೆ. "ನಡೀತೈತಿ."

"ಬರ್ರಿ ಯಜಮಾನ್ರ. ಆ ಕಟ್ಟು ಮಾತ್ರ ಹೊರಗ ಇಟ್ಟ ಬರ್ರಿ."

ಅಪ್ಪ ಆಗಷ್ಟೇ ಕಂಕುಳಲ್ಲಿದ್ದದ್ದನ್ನು ನೋಡಿಕೊಂಡ. ಅದನ್ನು ಹೊರಗಿನ ಗೋಡೆಗೆ ಒರಗಿಸಿ ಬಂದು, ತೋರಿಸಿದ ಕುರ್ಚಿಯ ತುದಿಯಲ್ಲಿ ಕೂತ. ರೇಣುಕಾ ಅವನಿಗೆ ನೀರು ಕೊಟ್ಟಳು. "ನಿಮಗೂ ಗಾಬರಿ ಆಗಿರಬೇಕು," ಅಂದಳು. "ಏನ ಆತು ಅಂತ ನಿಮಗ ಹೇಳಾಕ ಆಗತೈತೇನ್ರಿ? ಅವಸರ ಇಲ್ಲ."

ಅಪ್ಪ, "ನಾ ಹೊಡದಿಲ್ಲ," ಅನ್ನುತ್ತಾನೆ ಎಂದುಕೊಂಡೆ. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಹೇಳಿದ್ದು ಬೇರೆ.

"ಒಮ್ಮಿ ಹೊಡದೇನ್ರಿ. ಸಣ್ಣಾಕಿ ಇದ್ಳು. ಬಸ್ ಸ್ಟ್ಯಾಂಡಿನ್ಯಾಗ ಕೈ ಬಿಡಿಸ್ಕೊಂಡ ಓಡಿದ್ಳು. ಬಸ್ಸ ಹಿಂದಕ್ಕ ಬರಾಕತ್ತಿತ್ತು. ಹಿಡದ ಎಳದೆ, ಎಳದಾಂವ ಹೊಡದಬಿಟ್ಟೆ. ಹೆದರಿ ಹೊಡದೇನ್ರಿ, ಸಿಟ್ಟಿಲೆ ಅಲ್ಲ. ಗಲ್ಲದ ಮ್ಯಾಲ ಹಿಂಗ, ನಾಕು ಬಳ್ಳ ಮೂಡಿದ್ದುವು." ತನ್ನ ಕೆನ್ನೆಯ ಮೇಲೆ ನಾಲ್ಕು ಬೆರಳಿಟ್ಟು ತೋರಿಸಿದ. "ಇಕಿ ಅದನ್ನ ಒಳಗ ಇಟಗೊಂಡಾಳಂತ ನನಗ ಗೊತ್ತಿರಲಿಲ್ರಿ. ಒಮ್ಮಿನೂ ಅಂದಿಲ್ಲ ಇಕಿ."

ನನಗೆ ಆ ಏಟು ನೆನಪೇ ಇಲ್ಲ. ಬಸ್ಸೂ ಇಲ್ಲ, ಬಸ್ ಸ್ಟ್ಯಾಂಡೂ ಇಲ್ಲ. ಎಲ್ಲವನ್ನೂ ಹಿಗ್ಗಿಸಿ ಹೇಳುವ ನನಗೆ ಹಿಗ್ಗಿಸಲು ಅದರಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅವನೊಬ್ಬನೇ ಅದನ್ನು ಅಷ್ಟು ವರ್ಷ ಸಾಕಿಕೊಂಡು ಬಂದಿದ್ದ.

ರೇಣುಕಾ ಉಪದೇಶ ಮಾಡಲಿಲ್ಲ. "ಹೇಳಿದ್ರಲ್ಲ, ಚಲೋ ಆತು," ಅಂದಳು. "ಹೇಳೂದು ಸಸಾರ ಅಲ್ಲ." ಅಷ್ಟು ಹೇಳಿ ಮತ್ತೆ ಕೂತಳು, ಕೈ ತೊಡೆಯ ಕೆಳಗೆ.

ಕನ್ನಡಿಯ ಆಚೆ ಚಿಗವ್ವ ತನ್ನ ಭಾವನನ್ನು ನೋಡಿದ ಕೂಡಲೆ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಿದ್ದಳಂತೆ, ಒತ್ತಲಿಲ್ಲವಂತೆ. ಈಗ ಒತ್ತಿದಳು. "ಸಾಕು."

ಬಾಗಿಲು ತೆರೆದು ಪರೀಕ್ಷಕ ಮೇಡಂ ಮೊದಲು ಬಂದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ರೇಣುಕಾ, ಪಾಸ್. ಸಂಶಯವೇ ಇಲ್ಲ," ಅಂದರು. ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಮುಂದೆ ನಿಂತು, "ಏನು ಅಭಿನಯ ಮಾಡ್ತೀರಿ ನೀವು! ಶಕುಂತಲಾ, ಈ ಕಲಾವಿದರನ್ನ ಎಲ್ಲಿಂದ ಕರೆಸಿದಿರಿ?" ಎಂದು ಕೇಳಿದರು. ಒಂದು ಬೇಸಿಗೆಯಿಡೀ ಕೈ ಮುರಿದುಕೊಂಡವಳು ನಾನು, ಹೊಗಳಿಕೆ ಅವನಿಗೆ.

"ಮಾಮಾ," ಎಂದು ಚಿಗವ್ವ ಅಪ್ಪನ ಹತ್ತಿರ ಬಂದಳು. "ಇದು ಪಾಠರೀ. ನಾಟಕ. ಗಂಗಾಗ ಏನೂ ಆಗಿಲ್ಲ. ಕೈ ಮುರದಿಲ್ಲ, ಅದು ಬಣ್ಣ. ನಿಮಗ ಹೇಳೇನಿ ಅಂದಿದ್ಳು."

ರೇಣುಕಾ, "ಇವ್ರು ಖರೇ ಅಪ್ಪ ಏನು?" ಎಂದವಳೇ ಬಾಯಿ ಮುಚ್ಚಿಕೊಂಡಳು.

ಅಪ್ಪ ನನ್ನನ್ನು ನೋಡಿದ. ಬೈಯುತ್ತಾನೆಂದು ನಾನು ನಾಲ್ಕೈದು ಉತ್ತರ ಸಿದ್ಧ ಮಾಡಿಕೊಂಡಿದ್ದೆ, ಇಂಗ್ಲಿಷಿನಲ್ಲೂ ಒಂದು ಇತ್ತು. ಅವನು ಬೈಯಲಿಲ್ಲ. ಹೆಗಲ ಮೇಲಿನ ಟವೆಲಿನ ತುದಿಯನ್ನು ಗ್ಲಾಸಿನ ನೀರಿನಲ್ಲಿ ಅದ್ದಿ, ಎದ್ದು ಬಂದು, ನನ್ನ ಕೆನ್ನೆಗೆ ಕೈ ಚಾಚಿದ.

"ಕೇಳ್ರಿ ಮೊದಲ," ಅಂದಳು ರೇಣುಕಾ. ಪರೀಕ್ಷೆ ಮುಗಿದಿತ್ತು, ಪಾಸೂ ಆಗಿತ್ತು, ಆದರೂ ಬಾಯಿಂದ ಬಂದುಬಿಟ್ಟಿತು.

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವನು ರೇಣುಕಾಳನ್ನು ನೋಡಿದ, ನನ್ನನ್ನು ನೋಡಿದ.

"ಒರಸ್ಲೇನವ್ವಾ?" ಅಂದ.

ನಾನು ತಲೆ ಆಡಿಸಿದೆ. ಒರೆಸಿದ. ನೀಲಿ, ನೇರಳೆ, ಹಳದಿ ಎಲ್ಲ ಟವೆಲಿಗೆ ಬಂತು. ನಾಲ್ಕನೆಯ ಬೆರಳು ಕಿವಿಯ ಹತ್ತಿರ ಸ್ವಲ್ಪ ಉಳಿದಿತ್ತು, ಟವೆಲನ್ನು ಮತ್ತೆ ಅದ್ದಿ ಅದನ್ನೂ ತೆಗೆದ. ಕೆನ್ನೆಯನ್ನು ಬೆಳಕಿಗೆ ತಿರುಗಿಸಿ, ಕೆಳಗೆ ನಿಜವಾಗಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಚಿಗವ್ವನಿಗೆ ಹೇಳಿದ:

"ನಾಳಿಂದ ಇಕಿ ಬರಂಗಿಲ್ಲ ಶಕ್ಕು."

ನನ್ನ ಕೈ ಅಲ್ಲಿಗೇ ವಾಸಿಯಾಯಿತು.